ಲಂಡನ್ನಿನ ಐರಿಷ್ ಕ್ಲಬ್ಬಿಗೆ ನಾನು ಚರಿತ್ರೆ ಬರೆದದ್ದು

ಈ ಕೆಲಸ ನನ್ನ ಪಾಲಿಗೆ ಬಂದದ್ದು ನಾನು ಐರಿಷ್ ಅಲ್ಲ ಎಂಬ ಒಂದೇ ಅರ್ಹತೆಯಿಂದ. ವಾಯವ್ಯ ಲಂಡನ್ನಿನ ನಮ್ಮ ಗೇಲಿಕ್ ಫುಟ್‌ಬಾಲ್ ಕ್ಲಬ್ಬಿಗೆ ಅರವತ್ತು ತುಂಬುತ್ತದೆ, ಒಂದು ಚರಿತ್ರೆ ಪುಸ್ತಕ ತರೋಣ ಎಂದು ಕಮಿಟಿ ಠರಾವು ಮಾಡಿತು. ಬರೆಯುವವರು ಯಾರು ಎಂಬಲ್ಲಿ ಸಭೆ ತಡವರಿಸಿತು. ಐರ್ಲೆಂಡಿನ ಕೆರ್ರಿ ಕೌಂಟಿಯವರು (ಕೌಂಟಿ ಎಂದರೆ ಜಿಲ್ಲೆ) ಬರೆದರೆ ಮೇಯೋದವರು ಓದುವುದಿಲ್ಲ. ಮೇಯೋದವರು ಬರೆದರೆ ಡೊನೆಗಾಲಿನವರು ತಮ್ಮ ಕಡೆಯವರ ಹೆಸರು ಎಷ್ಟು ಸಲ ಬಂದಿದೆ ಎಂದು ಎಣಿಸುತ್ತ ಕೂರುತ್ತಾರೆ. ಹುಡುಗಿಯರ ಟೀಮಿನಲ್ಲಿ ಆಡುವ ಒಬ್ಬಳ ಅಮ್ಮ ಇದ್ದಾಳಲ್ಲ, ಆಸ್ಪತ್ರೆಯಲ್ಲಿ ಫಾರ್ಮಸಿಸ್ಟ್, ಇಂಡಿಯಾದವಳು, ಅವಳಿಗೆ ಯಾವ ಕೌಂಟಿಯ ಹಂಗೂ ಇಲ್ಲ ಎಂದು ಯಾರೋ ನೆನಪು ಮಾಡಿದರಂತೆ. ನಾನು ಆ ಸಭೆಯಲ್ಲಿ ಇರಲೂ ಇಲ್ಲ.

ಮಗಳು ಈ ಆಟಕ್ಕೆ ಸೇರಿದ್ದು ಶಾಲೆಯ ಗೆಳತಿಯ ಹಿಂದೆ ಹೋಗಿ. ಆಟ ಗೊತ್ತಿಲ್ಲದವರಿಗೆ ಒಂದೆರಡು ಮಾತು: ಒಂದು ಕಡೆಗೆ ಹದಿನೈದು ಜನ. ಚೆಂಡು ದುಂಡಗಿನದು, ಕೈಯಲ್ಲೂ ಹಿಡಿಯಬಹುದು, ಕಾಲಲ್ಲೂ ಒದೆಯಬಹುದು. ಹಿಡಿದುಕೊಂಡು ನಾಲ್ಕು ಹೆಜ್ಜೆಗಿಂತ ಹೆಚ್ಚು ಓಡುವಂತಿಲ್ಲ. ನೆಲಕ್ಕೆ ಪುಟಿಸಬೇಕು, ಇಲ್ಲವೇ ಪಾದದ ಮೇಲೆ ಬಿಟ್ಟು ಮತ್ತೆ ಕೈಗೆ ಚಿಮ್ಮಿಸಿಕೊಳ್ಳಬೇಕು. ಒಂದರ ಹಿಂದೊಂದು ಎರಡು ಸಲ ಪುಟಿಸಿದರೆ ತಪ್ಪು. ಗೋಲುಗಂಬಗಳು ಇಂಗ್ಲಿಷಿನ ಎಚ್ ಅಕ್ಷರದ ಆಕಾರ. ಅಡ್ಡಪಟ್ಟಿಯ ಕೆಳಗೆ ಬಲೆಗೆ ಬಿದ್ದರೆ ಮೂರು ಅಂಕ, ಮೇಲಿಂದ ಹೋದರೆ ಒಂದು (2025ರಿಂದ ಗಂಡಸರ ಆಟದಲ್ಲಿ ದೂರದಿಂದ ಒದ್ದದ್ದಕ್ಕೆ ಎರಡು). ಹಾಗಾಗಿ ಸ್ಕೋರನ್ನು 1-12 ಎಂದು ಬರೆಯುತ್ತಾರೆ. ಒಂದು ಗೋಲು, ಹನ್ನೆರಡು ಪಾಯಿಂಟು, ಒಟ್ಟು ಹದಿನೈದು. ಹೆಂಗಸರ ಆಟದಲ್ಲಿ ನೆಲದ ಮೇಲಿನ ಚೆಂಡನ್ನು ನೇರವಾಗಿ ಕೈಯಿಂದ ಎತ್ತಿಕೊಳ್ಳಬಹುದು. ಗಂಡಸರು ಮೊದಲು ಕಾಲ್ಬೆರಳಿನಿಂದ ಎಬ್ಬಿಸಬೇಕು. ಯಾರಿಗೂ ಸಂಬಳವಿಲ್ಲ. ಡಬ್ಲಿನ್ನಿನ ಕ್ರೋಕ್ ಪಾರ್ಕಿನಲ್ಲಿ ಎಂಬತ್ತು ಸಾವಿರಕ್ಕೂ ಹೆಚ್ಚು ಜನರ ಮುಂದೆ ಫೈನಲ್ ಆಡಿದವನೂ ಹೊಟ್ಟೆಪಾಡಿಗೆ ಶಾಲೆಯಲ್ಲಿ ಪಾಠ ಮಾಡುತ್ತಾನೆ.

ನನಗೆ ಇದರಲ್ಲಿ ಬೇಗ ಮನಸ್ಸು ಕೂತದ್ದಕ್ಕೆ ಕಾರಣ ನಮ್ಮ ಕೊಡಗು. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಶುರುಮಾಡಿದ ಹಾಕಿ ಹಬ್ಬದಲ್ಲಿ ಟೀಮು ಎಂದರೆ ಒಕ್ಕ, ಮನೆತನ. ಚೆನ್ನಾಗಿ ಆಡುತ್ತೀಯ ಅಂತ ಬೇರೆ ಮನೆತನಕ್ಕೆ ಹೋಗಿ ಆಡುವಂತಿಲ್ಲ. ಐರ್ಲೆಂಡಿನಲ್ಲಿಯೂ ಹಾಗೆಯೇ: ಹುಟ್ಟಿದ ಪ್ಯಾರಿಷ್, ಅಂದರೆ ಒಂದು ಚರ್ಚಿಗೆ ಸೇರಿದ ಊರು, ನಿನ್ನ ಕ್ಲಬ್, ಹುಟ್ಟಿದ ಕೌಂಟಿ ನಿನ್ನ ದೊಡ್ಡ ಟೀಮು. ಹಾಗಾದರೆ ಊರು ಬಿಟ್ಟು ಬಂದವನು ಯಾರ ಪರ ಆಡಬೇಕು? ವಿದೇಶದ ಗೇಲಿಕ್ ಕ್ಲಬ್ಬುಗಳ ಚರಿತ್ರೆಯೆಲ್ಲ ಈ ಪ್ರಶ್ನೆಯಿಂದ ಹುಟ್ಟಿದ್ದು. ನಮ್ಮ ಕ್ಲಬ್ಬಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಪುಸ್ತಕಕ್ಕೆ ಹಾಕದ ಕೆಲವು ಸಂಗತಿಗಳು ಇಲ್ಲಿ ಬರುತ್ತವೆ, ಬದುಕಿರುವವರ ಮಾತು.

ನನ್ನ ಕೈಗೆ ಬಂದದ್ದು ಇಷ್ಟು: ಮೂರು ರಟ್ಟಿನ ಪೆಟ್ಟಿಗೆ ತುಂಬ ನಡಾವಳಿ ಪುಸ್ತಕಗಳು, ಲೆಕ್ಕದ ಪುಸ್ತಕಗಳು, ಒಂದು ಬಿಸ್ಕತ್ತಿನ ಡಬ್ಬದಲ್ಲಿ ಹೆಸರಿಲ್ಲದ ಫೋಟೋಗಳು, ಮತ್ತು ಆಟಗಾರರ ನೋಂದಣಿ ಪುಸ್ತಕ. ಕಮಿಟಿಯವರ ಮನಸ್ಸಿನಲ್ಲಿದ್ದದ್ದು ಗೆದ್ದ ಕಪ್ಪುಗಳ ಪಟ್ಟಿ. ಆ ಪಟ್ಟಿ ಅರ್ಧ ಪುಟಕ್ಕೆ ಮುಗಿಯಿತು. ಇನ್ನೇನು ಬರೆಯುವುದು ಎಂದು ಹುಡುಕುತ್ತಿದ್ದಾಗ ನೋಂದಣಿ ಪುಸ್ತಕ ಬಿಚ್ಚಿದೆ.

ಅದರಲ್ಲಿ ಅಂಕಣಗಳು ಸರಳ. ಹೆಸರು, ಹುಟ್ಟಿದ ದಿನ, ಊರಿನ ಕ್ಲಬ್, ಕೌಂಟಿ, ಲಂಡನ್ ವಿಳಾಸ, ವರ್ಗಾವಣೆ ಪತ್ರ ಬಂದ ತಾರೀಖು. ಐರ್ಲೆಂಡಿನ ಕ್ಲಬ್ಬಿನಿಂದ ಬಿಡುಗಡೆ ಇಲ್ಲದೆ ಇಲ್ಲಿ ಆಡುವಂತಿಲ್ಲವಾದ್ದರಿಂದ ಪ್ರತಿ ಹೆಸರಿನ ಹಿಂದೆಯೂ ಒಂದು ವರ್ಗಾವಣೆ. ಅರವತ್ತರ ದಶಕದ ಪುಟಗಳು ಗಿಜಿಗುಡುತ್ತವೆ. 1951ರಿಂದ 1961ರ ನಡುವೆ ಐರ್ಲೆಂಡ್ ವಲಸೆಯಲ್ಲಿ ಕಳೆದುಕೊಂಡದ್ದು ನಾಲ್ಕು ಲಕ್ಷಕ್ಕೂ ಹೆಚ್ಚು ಜನರನ್ನು. 1961ರ ಜನಗಣತಿಯಲ್ಲಿ ಆ ಗಣರಾಜ್ಯದ ಜನಸಂಖ್ಯೆ ಬರೀ 28 ಲಕ್ಷಕ್ಕೆ ಇಳಿದಿತ್ತು. ಪುಸ್ತಕದಲ್ಲಿ ಆಗಿನ ವಿಳಾಸಗಳು ಕ್ರಿಕಲ್‌ವುಡ್, ಕಿಲ್ಬರ್ನ್, ವಿಲ್ಸ್‌ಡನ್. ಒಂದೇ ಮನೆಯ ನಂಬರಿನಲ್ಲಿ ಆರೇಳು ಹೆಸರು. ಎಪ್ಪತ್ತರಲ್ಲಿ ಪುಟಗಳು ತೆಳುವಾಗುತ್ತವೆ. ಐರ್ಲೆಂಡ್ 1973ರಲ್ಲಿ ಯುರೋಪಿನ ಆರ್ಥಿಕ ಸಮುದಾಯ ಸೇರಿತು, ಊರಲ್ಲಿ ಕೆಲಸ ಹುಟ್ಟಿತು, ಹೋದವರಿಗಿಂತ ಮರಳಿದವರು ಹೆಚ್ಚಾದ ದಶಕ ಅದು. ಎಂಬತ್ತರ ಕೊನೆಗೆ ಮತ್ತೆ ತುಂಬುತ್ತದೆ, ಈ ಸಲ ಎಂಜಿನಿಯರುಗಳು, ಮೇಷ್ಟ್ರುಗಳು. ತೊಂಬತ್ತರ ಕೊನೆಯಿಂದ 2007ರ ತನಕ ಐರ್ಲೆಂಡಿಗೆ ಶ್ರೀಮಂತಿಕೆ ಬಂದ ಕಾಲ. ನಮ್ಮ ಕ್ಲಬ್ಬಿಗೆ ಹದಿನೈದು ಜನ ಕೂಡಿಸುವುದೇ ಕಷ್ಟ. ಪಕ್ಕದ ಕ್ಲಬ್ಬಿನೊಂದಿಗೆ ವಿಲೀನವಾಗೋಣವೇ ಎಂಬ ಚರ್ಚೆ ನಡಾವಳಿಯಲ್ಲಿ ಪುಟಗಟ್ಟಲೆ ಇದೆ. 2008ರಲ್ಲಿ ಅಲ್ಲಿಯ ಬ್ಯಾಂಕುಗಳು ಬಿದ್ದವು. ಮುಂದಿನ ವರ್ಷದ ಪುಟ ಸಾಲದೆ ಹಾಳೆ ಅಂಟಿಸಿದ್ದಾರೆ.

ಕ್ಲಬ್ಬಿಗೆ ಒಳ್ಳೆಯ ವರ್ಷ ಎಂದರೆ ಊರಿಗೆ ಕೆಟ್ಟ ವರ್ಷ. ಪುಸ್ತಕದ ಬೆನ್ನೆಲುಬು ಇದೇ ಆಗಬೇಕು ಎಂದು ಅವತ್ತೇ ನಿರ್ಧರಿಸಿದೆ. ಖಜಾಂಚಿಗೆ ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಕಪ್ಪುಗಳ ಪಟ್ಟಿ ಮಾತ್ರ ಮೊದಲ ಪುಟದಲ್ಲೇ ಇರಲಿ ಎಂದರು. ಒಪ್ಪಿಕೊಂಡೆ.

ಮುಂದಿನ ಕೆಲಸ ಲಂಡನ್ನಿನ ಹಿನ್ನೆಲೆ ಓದುವುದು. ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್, ಎಲ್ಲರ ಬಾಯಲ್ಲಿ ಜಿಎಎ, ಹುಟ್ಟಿದ್ದು 1884ರ ನವೆಂಬರ್ 1ರಂದು, ಟಿಪರೇರಿ ಕೌಂಟಿಯ ಥರ್ಲ್ಸ್ ಪಟ್ಟಣದ ಹೇಯ್ಸ್ ಹೋಟೆಲಿನಲ್ಲಿ. ಮೈಕೆಲ್ ಕ್ಯುಸಾಕ್ ಎಂಬ ಮೇಷ್ಟ್ರು ಮುಂದಾಳು. ಲಂಡನ್ನಿನಲ್ಲಿ ಅದರ ಮಂಡಳಿ 1896ರಲ್ಲೇ ಶುರುವಾಯಿತು. ಓದುತ್ತ ಹೋದಂತೆ ನನಗೆ ಅಚ್ಚರಿಯಾದ ಸಂಗತಿ, ಐರ್ಲೆಂಡಿನ ಎರಡು ಅತಿ ದೊಡ್ಡ ಕಪ್ಪುಗಳ ಹೆಸರೂ ಲಂಡನ್ನಿನಲ್ಲಿ ಬಾಳಿದವರವು. ಕೋಲು-ಚೆಂಡಿನ ಹರ್ಲಿಂಗ್ ಆಟದ ಕಪ್ಪು ಕೊಟ್ಟ ಲಿಯಾಮ್ ಮೆಕಾರ್ಥಿ ಲಂಡನ್ನಿನಲ್ಲೇ ಹುಟ್ಟಿದವರು, ಅಪ್ಪ ಅಮ್ಮ ಐರ್ಲೆಂಡಿನವರು. ಫುಟ್‌ಬಾಲ್ ಕಪ್ಪಿಗೆ ಹೆಸರಾದ ಸ್ಯಾಮ್ ಮಗ್ವಾಯರ್ ಕಾರ್ಕಿನ ಡನ್‌ಮನ್‌ವೇ ಊರಿನ ಪ್ರಾಟೆಸ್ಟೆಂಟ್ ರೈತ ಮನೆತನದ ಹುಡುಗ. ಲಂಡನ್ನಿನ ಅಂಚೆ ಇಲಾಖೆಯಲ್ಲಿ ಕೆಲಸ, ಹೈಬರ್ನಿಯನ್ಸ್ ಕ್ಲಬ್ಬಿಗೆ ಆಟ. ಇಪ್ಪತ್ತನೇ ಶತಮಾನದ ಮೊದಲ ವರ್ಷಗಳಲ್ಲಿ ಲಂಡನ್ ಪರವಾಗಿ ಅಖಿಲ ಐರ್ಲೆಂಡ್ ಫೈನಲ್ಲುಗಳನ್ನು ಆಡಿದ, ಗೆಲ್ಲಲಿಲ್ಲ. ಊರಿಗೆ ಮರಳಿ 1927ರಲ್ಲಿ ಕ್ಷಯದಿಂದ ತೀರಿಕೊಂಡ. ಮರುವರ್ಷ ಅವನ ಹೆಸರಿನ ಕಪ್ಪನ್ನು ಮೊದಲು ಎತ್ತಿದವರು ಕಿಲ್ಡೇರ್ ತಂಡದವರು. ಈಗ ಪ್ರತಿ ವರ್ಷ ಐರ್ಲೆಂಡಿನಲ್ಲಿ ಮಕ್ಕಳು ‘ಸ್ಯಾಮ್’ ನಮ್ಮೂರಿಗೆ ಬರುತ್ತಾನಾ ಎಂದು ಕೇಳುತ್ತಾರೆ.

ಈ ಸ್ಯಾಮನೇ 1909ರಲ್ಲಿ ಮೈಕೆಲ್ ಕಾಲಿನ್ಸನನ್ನು ಗುಪ್ತ ಕ್ರಾಂತಿಕಾರಿ ಸಂಘಕ್ಕೆ ಸೇರಿಸಿದವನು. ಮುಂದೆ ಬ್ರಿಟಿಷರ ವಿರುದ್ಧದ ಯುದ್ಧ ನಡೆಸಿದ ಕಾಲಿನ್ಸ್, ಆಗ ಲಂಡನ್ನಿನ ಅಂಚೆ ಉಳಿತಾಯ ಬ್ಯಾಂಕಿನ ಗುಮಾಸ್ತ. ಸಂಜೆ ಜೆರಲ್ಡೀನ್ಸ್ ಎಂಬ ಗೇಲಿಕ್ ಕ್ಲಬ್ಬಿನ ಕಾರ್ಯದರ್ಶಿ. ಅವನು ಬರೆದ ಅರ್ಧವಾರ್ಷಿಕ ವರದಿಯಲ್ಲಿ ತನ್ನದೇ ಕ್ಲಬ್ಬಿನ ಒಳಜಗಳ, ಸೋಮಾರಿತನಗಳನ್ನು ಎಗ್ಗಿಲ್ಲದೆ ಝಾಡಿಸಿದ್ದಾನೆ. ನಮ್ಮ ಕಾರ್ಯದರ್ಶಿಗೆ ಇದನ್ನು ತೋರಿಸಿದೆ. ‘ನನಗೂ ಹೀಗೆ ಬರೆಯಬೇಕು ಅಂತಲೇ ಇದೆ, ಮುಂದಿನ ವರ್ಷ ಯಾರೂ ಓಟು ಹಾಕುವುದಿಲ್ಲ’ ಎಂದರು.

ನಡಾವಳಿ ಪುಸ್ತಕ ಓದುವುದು ತಾಳ್ಮೆಯ ಕೆಲಸ. ಮೊದಲ ಹತ್ತು ವರ್ಷ ತುಂಬಿರುವುದು ಆಟವಲ್ಲ, ಆಕ್ಷೇಪಣೆ. ಸೋತ ತಂಡ ಮೈದಾನದಲ್ಲಿ ಸುಮ್ಮನಿದ್ದು ಮರುವಾರ ಮಂಡಳಿಗೆ ಅರ್ಜಿ ಹಾಕುತ್ತದೆ: ಎದುರಾಳಿಯ ಒಬ್ಬ ಬೇರೆ ಹೆಸರಲ್ಲಿ ಆಡಿದ, ಇನ್ನೊಬ್ಬನ ವರ್ಗಾವಣೆ ಬಂದಿರಲಿಲ್ಲ. ಅರ್ಜಿಗೂ ನಿಯಮವಿತ್ತು, ಐರ್ಲೆಂಡಿನಲ್ಲಿ ತಯಾರಾದ, ಅದರ ನೀರುಗುರುತು ಇರುವ ಕಾಗದದಲ್ಲೇ ಬರೆಯಬೇಕು. ಕಾಗದ ಸರಿಯಿಲ್ಲ ಎಂದು ಅರ್ಜಿ ಬಿದ್ದುಹೋದ ಪ್ರಸಂಗ ನಮ್ಮಲ್ಲೂ ಇದೆ.

ಸುಳ್ಳು ಹೆಸರಿನ ತಲೆನೋವು ಮಾತ್ರ ಕೊನೆಯ ತನಕ ಬಿಡಲಿಲ್ಲ. ಅದಕ್ಕೆ ಮೂಲ ಜಿಎಎಯ ಹಳೆಯ ನಿಷೇಧ. ‘ವಿದೇಶಿ ಆಟ’ ಆಡಿದವನನ್ನು, ನೋಡಲು ಹೋದವನನ್ನು ಸಹ ಹೊರಗೆ ಹಾಕುತ್ತಿದ್ದರು. ಸಾಮಾನ್ಯ ಫುಟ್‌ಬಾಲ್ (ಸಾಕರ್), ರಗ್ಬಿ, ಕ್ರಿಕೆಟ್, ಹಾಕಿ, ಈ ನಾಲ್ಕು. ಹಾಕಿ! ನಮ್ಮ ಕೊಡಗಿನ ಊರಿಗೆ ಊರನ್ನೇ ಅಮಾನತು ಮಾಡಬೇಕಾಗಿತ್ತು. 1938ರಲ್ಲಿ ಐರ್ಲೆಂಡಿನ ಅಧ್ಯಕ್ಷ ಡಗ್ಲಸ್ ಹೈಡ್ ದೇಶದ ಸಾಕರ್ ಪಂದ್ಯವೊಂದಕ್ಕೆ ಅತಿಥಿಯಾಗಿ ಹೋದದ್ದಕ್ಕೆ ಅವರನ್ನೇ ಜಿಎಎಯ ಮಹಾಪೋಷಕ ಸ್ಥಾನದಿಂದ ತೆಗೆದುಹಾಕಿದರು. ನಿಷೇಧ ಹೋದದ್ದು 1971ರಲ್ಲಿ. ಅಲ್ಲಿಯ ತನಕ ಶನಿವಾರ ಕೆಲಸದ ಗೆಳೆಯರ ಜತೆ ಸಾಮಾನ್ಯ ಫುಟ್‌ಬಾಲ್ ಆಡಿ ಭಾನುವಾರ ಗೇಲಿಕ್ ಆಡುವ ಹುಡುಗ ಎರಡರಲ್ಲಿ ಒಂದು ಕಡೆ ಬೇರೆಯವನಾಗಲೇಬೇಕಿತ್ತು. ಅಮಾನತಾದವನು, ಊರಿನ ಪಂದ್ಯಕ್ಕೆ ವಾರದ ಮಟ್ಟಿಗೆ ಕರೆಸಿಕೊಂಡವನು, ಎಲ್ಲರಿಗೂ ಎರವಲು ಹೆಸರು. ಜತೆಗೆ ರೆಫರಿಗೆ ಕೊಡುವ ಪಟ್ಟಿಯಲ್ಲಿ ಹೆಸರನ್ನು ಐರಿಷ್ ಭಾಷೆಯಲ್ಲೇ ಬರೆಯಬೇಕು. ಹೀಗೆ ಒಬ್ಬನೇ ಆಟಗಾರ ನೋಂದಣಿಯಲ್ಲಿ ಒಂದು, ಪಟ್ಟಿಯಲ್ಲಿ ಒಂದು, ಪತ್ರಿಕೆಯಲ್ಲಿ ಇನ್ನೊಂದು ಹೆಸರಾಗಿ ಕೂತಿರುತ್ತಾನೆ. ಆಸ್ಪತ್ರೆಯಲ್ಲಿ ಔಷಧಿ ಚೀಟಿ ತಾಳೆ ನೋಡಿದ ಅಭ್ಯಾಸ ಇಲ್ಲಿ ಉಪಯೋಗಕ್ಕೆ ಬಂತು. ಹುಟ್ಟಿದ ದಿನವನ್ನು ಹಿಡಿದುಕೊಂಡು ಹೋದೆ, ಹೆಸರನ್ನು ನಂಬಲಿಲ್ಲ.

ಪೆಟ್ಟಿಗೆಯಲ್ಲಿ ಇಲ್ಲದ್ದಕ್ಕೆ ಹೊರಗೆ ಅಲೆದೆ. ಬ್ರಿಟಿಷ್ ಲೈಬ್ರರಿಯ ಪತ್ರಿಕಾ ವಿಭಾಗದಲ್ಲಿ ‘ಐರಿಷ್ ಪೋಸ್ಟ್’ ಸಿಗುತ್ತದೆ. 1970ರಲ್ಲಿ ಶುರುವಾದ ವಾರಪತ್ರಿಕೆ. ಅದರ ಸ್ಥಾಪಕರಲ್ಲಿ ಒಬ್ಬರಾದ ಬ್ರೆಂಡನ್ ಮಾಕ್ ಲೂವಾ ಮೊದಲು ಜಿಎಎ ಕಚೇರಿಯಲ್ಲಿ ಕೆಲಸ ಮಾಡಿದವರು, ಹಾಗಾಗಿ ಲಂಡನ್ನಿನ ಸಣ್ಣ ಪಂದ್ಯಕ್ಕೂ ಅಲ್ಲಿ ಜಾಗ. ಲಂಡನ್ ಮೆಟ್ರೊಪಾಲಿಟನ್ ವಿಶ್ವವಿದ್ಯಾಲಯದಲ್ಲಿ ಬ್ರಿಟನ್ನಿನ ಐರಿಷರ ದಾಖಲೆ ಸಂಗ್ರಹ ಇದೆ, ಅಲ್ಲಿ ಕಂಡದ್ದು ನೃತ್ಯಕೂಟಗಳ ಕರಪತ್ರಗಳು. ನಮ್ಮ ಲೆಕ್ಕದ ಪುಸ್ತಕಕ್ಕೆ ಅವು ಹೊಂದಿಕೊಂಡವು. ಕ್ರಿಕಲ್‌ವುಡ್‌ನಲ್ಲಿ ಗಾಲ್ಟಿಮೋರ್ ಎಂಬ ದೊಡ್ಡ ಡ್ಯಾನ್ಸ್ ಹಾಲ್ ಇತ್ತು, 2008ರಲ್ಲಿ ಮುಚ್ಚಿತು. ಕ್ಲಬ್ಬಿನ ಆದಾಯದಲ್ಲಿ ಮುಕ್ಕಾಲುಪಾಲು ಅಂಥ ಹಾಲುಗಳಲ್ಲಿ ನಡೆಸಿದ ಡ್ಯಾನ್ಸುಗಳಿಂದ ಬಂದದ್ದು. ಜರ್ಸಿ, ಚೆಂಡು, ಗಾಯಾಳುವಿಗೆ ಕೊಟ್ಟ ವಾರದ ಹಣ, ಸತ್ತವನ ದೇಹವನ್ನು ಊರಿಗೆ ಕಳಿಸಿದ ಖರ್ಚು, ಎಲ್ಲ ಆ ಡ್ಯಾನ್ಸಿನ ದುಡ್ಡು. ದೇಹ ಕಳಿಸಿದ ಖರ್ಚು ಆ ಪುಸ್ತಕದಲ್ಲಿ ಒಂದಲ್ಲ ಹಲವು ಕಡೆ ಇದೆ; ಕಟ್ಟಡ ಕೆಲಸ, ಸುರಂಗ ಕೆಲಸ.

ಹಳಬರನ್ನು ಮಾತಾಡಿಸಲು ಹೋಗುವ ಮೊದಲು ಮಾದರಿಯೊಂದು ಬೇಕಿತ್ತು. 2008ರಿಂದ 2012ರ ವರೆಗೆ ಬಾಸ್ಟನ್ ಕಾಲೇಜಿನವರು ಜಿಎಎಯ ಮೌಖಿಕ ಚರಿತ್ರೆ ಸಂಗ್ರಹಿಸಿದ್ದಾರೆ. ಅದನ್ನು ನೋಡಿ ನನ್ನದೊಂದು ಪ್ರಶ್ನಾವಳಿ ಬರೆದುಕೊಂಡು ಹೋದೆ. ಪ್ರಶ್ನೆ ಕೇಳಿದರೆ ಅಜ್ಜಂದಿರು ಒಂದು ಸಾಲು ಹೇಳಿ ಚಹಾ ಕುಡಿಯುತ್ತಾರೆ. ಪ್ರಶ್ನೆ ಬಿಟ್ಟು ಟೀಮಿನ ಫೋಟೋ ಮುಂದಿಟ್ಟರೆ ಸಂಜೆಯಾದರೂ ನಿಲ್ಲಿಸುವುದಿಲ್ಲ. ಇಬ್ಬರನ್ನು ಜತೆಗೆ ಕೂರಿಸುವುದು ಇನ್ನೂ ಒಳ್ಳೆಯದು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಅಲ್ಲಗಳೆಯುತ್ತಾರೆ, ನಿಜ ಎರಡರ ನಡುವೆ ಎಲ್ಲೋ ಸಿಗುತ್ತದೆ. ರೆಕಾರ್ಡು ಮಾಡಲು ಅವರ ಸಹಿ ಮೊದಲೇ ಪಡೆದಿರಬೇಕು. ನಿಜವಾದ ಮಾತು ಬರುವುದು ಫೋನು ಆಫ್ ಮಾಡಿ ಬಾಗಿಲ ಹತ್ತಿರ ಕೋಟು ಹಾಕಿಕೊಳ್ಳುವಾಗ, ಅದಕ್ಕೇನೂ ಮಾಡಲಾಗದು.

ಅವರೆಲ್ಲರ ಕಥೆಯ ಆರಂಭ ಒಂದೇ ದಾರಿ: ಡನ್ ಲಿಯರಿ ಬಂದರಿನಿಂದ ರಾತ್ರಿ ಹಡಗು, ವೇಲ್ಸಿನ ಹೋಲಿಹೆಡ್, ಅಲ್ಲಿಂದ ರೈಲು, ಬೆಳಗ್ಗೆ ಲಂಡನ್ನಿನ ಯೂಸ್ಟನ್. ಕೈಯಲ್ಲಿ ಒಂದು ವಿಳಾಸ. ಆ ವಿಳಾಸ ಬಹಳ ಸಲ ಕ್ಲಬ್ಬಿನ ಯಾರದೋ ಆಗಿರುತ್ತಿತ್ತು. ಗ್ಯಾಂಗಿನ ಮೇಸ್ತ್ರಿಯೇ ಟೀಮಿನ ಮ್ಯಾನೇಜರ್. ಚೆನ್ನಾಗಿ ಆಡುವವನಿಗೆ ಸೋಮವಾರವೇ ಕೆಲಸ, ಇರಲು ಕೋಣೆ. ಕ್ರಿಕಲ್‌ವುಡ್ ರಸ್ತೆಯಲ್ಲಿ ಬೆಳಗ್ಗೆ ಆರಕ್ಕೆ ವ್ಯಾನುಗಳು ನಿಲ್ಲುತ್ತಿದ್ದವು. ಯಾರನ್ನು ಹತ್ತಿಸಿಕೊಳ್ಳುವುದು ಎನ್ನುವುದರಲ್ಲಿ ಭಾನುವಾರದ ಆಟಕ್ಕೂ ಪಾಲಿತ್ತು. ಮೈದಾನದ ಗೋಲುಗಂಬ ಎಲ್ಲಿಂದ ಬಂತು ಎಂದು ಕೇಳಿದೆ. ಸ್ಕ್ಯಾಫೋಲ್ಡಿಂಗ್ ಕೊಳವೆ, ಯಾವ ಸೈಟಿನದೆಂದು ಮಾತ್ರ ಹೇಳಲಿಲ್ಲ. ಆ ದಿನಗಳ ಇನ್ನೊಂದು ಮುಖವನ್ನೂ ಅವರೇ ಹೇಳಿದರು. ಕೂಲಿ ಕೈಗೆ ನಗದು, ತೆರಿಗೆ ಇಲ್ಲ, ವಿಮೆ ಇಲ್ಲ. ಆಗ ಅದು ಲಾಭ ಎನಿಸಿತ್ತು, ಎಪ್ಪತ್ತು ದಾಟಿದ ಮೇಲೆ ಪಿಂಚಣಿ ಇಲ್ಲ. ಹೀಗೆ ಒಂಟಿಯಾಗಿ ಉಳಿದ ಕೆಲವರಿಗೆ ಕ್ಲಬ್ಬಿನ ಭಾನುವಾರವೇ ವಾರದ ಏಕೈಕ ಊಟದ ಜತೆ.

ದೊಡ್ಡ ದಿನಗಳನ್ನೂ ಹೇಳಿದರು. 1958ರಿಂದ ಶುರುವಾಗಿ ಎಪ್ಪತ್ತರ ದಶಕದವರೆಗೆ ವೆಂಬ್ಲಿ ಕ್ರೀಡಾಂಗಣದಲ್ಲೇ ವರ್ಷಕ್ಕೊಮ್ಮೆ ಗೇಲಿಕ್ ಪಂದ್ಯಗಳು ನಡೆಯುತ್ತಿದ್ದವು, ಐರ್ಲೆಂಡಿನ ಒಳ್ಳೆಯ ಕೌಂಟಿ ತಂಡಗಳು ಬರುತ್ತಿದ್ದವು. ಇಂಗ್ಲಿಷರ ಆ ಮೈದಾನದ ಹುಲ್ಲಿನ ಮೇಲೆ ತಮ್ಮ ಆಟ. ಲಂಡನ್ ಮಂಡಳಿಗೆ ಸ್ವಂತ ಮೈದಾನ ರೈಸ್ಲಿಪ್ಪಿನಲ್ಲಿ ಆದದ್ದು 1961ರಲ್ಲಿ. ಈಗಿನ ಹೆಸರು ಮೆಕ್‌ಗವರ್ನ್ ಪಾರ್ಕ್. ಪಕ್ಕದಲ್ಲಿ ಬ್ರಿಟಿಷ್ ವಾಯುಪಡೆಯ ನಾರ್ತೋಲ್ಟ್ ನೆಲೆ. 2001ರ ತನಕ ಉತ್ತರ ಐರ್ಲೆಂಡಿನ ಪೊಲೀಸರಿಗೆ, ಬ್ರಿಟಿಷ್ ಸೈನಿಕರಿಗೆ ಜಿಎಎ ಸದಸ್ಯತ್ವವೇ ಇರಲಿಲ್ಲ ಎಂಬುದನ್ನು ನೆನೆದರೆ ಈ ನೆರೆಹೊರೆ ತಮಾಷೆ ಎನಿಸುತ್ತದೆ.

ಒಂದು ಜಾಗದಲ್ಲಿ ನಡಾವಳಿ ಮೌನ. 1974ರ ನವೆಂಬರ್ 21ರಂದು ಬರ್ಮಿಂಗ್‌ಹ್ಯಾಮಿನ ಎರಡು ಪಬ್ಬುಗಳಲ್ಲಿ ಐರಿಷ್ ಉಗ್ರರ ಬಾಂಬು ಸಿಡಿದು 21 ಜನ ಸತ್ತರು. ಎಂಟೇ ದಿನಗಳಲ್ಲಿ ಭಯೋತ್ಪಾದನೆ ತಡೆ ಕಾಯಿದೆ ಬಂತು; ಆರೋಪವಿಲ್ಲದೆ ಏಳು ದಿನ ಹಿಡಿದಿಡಬಹುದು. ಬರ್ಮಿಂಗ್‌ಹ್ಯಾಮಿನ ಸೇಂಟ್ ಪ್ಯಾಟ್ರಿಕ್ ಮೆರವಣಿಗೆ ಮತ್ತೆ ಹೊರಟದ್ದು 1996ರಲ್ಲಿ. ನಮ್ಮ ಪುಸ್ತಕದಲ್ಲಿ ಆ ಚಳಿಗಾಲದ ಸಭೆಗಳೇ ಇಲ್ಲ. ಯಾಕೆ ಎಂದು ಕೇಳಿದರೆ ಎಲ್ಲರೂ ಮಳೆಯ ಮಾತಾಡಿದರು. ಒಬ್ಬರ ಹೆಂಡತಿ ಅಡುಗೆಮನೆಯಲ್ಲಿ ನನಗೆ ಹೇಳಿದರು: ಗಂಡ ಕ್ಲಬ್ಬಿನ ಲಾಂಛನವಿದ್ದ ಚೀಲವನ್ನು ಒಳಗಡೆ ಹೊರಗೆ ಮಾಡಿ ಒಯ್ಯುತ್ತಿದ್ದರು, ಟ್ಯೂಬ್ ರೈಲಿನಲ್ಲಿ ತಾವಿಬ್ಬರೂ ಬಾಯಿ ಬಿಡುತ್ತಿರಲಿಲ್ಲ, ಅಂಗಡಿಯಲ್ಲಿ ಬೆರಳಿಟ್ಟು ತೋರಿಸಿ ಸಾಮಾನು ತರುತ್ತಿದ್ದರು. ಇದನ್ನು ಪುಸ್ತಕಕ್ಕೆ ಹಾಕಲೇ ಎಂದು ಕೇಳಿದೆ. ಹೆಸರಿಲ್ಲದೆ ಹಾಕು ಎಂದರು. ಕಮಿಟಿಯಲ್ಲಿ ಇದರ ಮೇಲೆ ಜಗಳವೇ ಆಯಿತು. ಸಂಭ್ರಮದ ಪುಸ್ತಕದಲ್ಲಿ ಇದು ಯಾಕೆ ಎಂದವರೂ ಇದ್ದರು. ಆ ಪ್ಯಾರಾ ತೆಗೆದರೆ ನನ್ನ ಹೆಸರೂ ತೆಗೆಯಿರಿ ಎಂದೆ. ಉಳಿಯಿತು.

ಅಡುಗೆಮನೆಯ ಆ ಮಾತಿನ ನಂತರವೇ ನಾನು ಹೆಂಗಸರನ್ನು ಬೇರೆಯಾಗಿ ಕಂಡದ್ದು. ಮೊದಲ ಇಪ್ಪತ್ತು ವರ್ಷದ ನಡಾವಳಿಯಲ್ಲಿ ಅವರ ಹೆಸರೇ ಇಲ್ಲ, ವರ್ಷಕ್ಕೊಮ್ಮೆ ‘ಸ್ಯಾಂಡ್‌ವಿಚ್ ಮಾಡಿದ ಮಹಿಳೆಯರಿಗೆ ವಂದನೆ’ ಎಂಬ ಸಾಲು ಬಿಟ್ಟರೆ. ಲೆಕ್ಕದ ಪುಸ್ತಕದ ಅಕ್ಷರ ಮಾತ್ರ ಸ್ಪಷ್ಟವಾಗಿ ಒಬ್ಬ ಹೆಂಗಸಿನದು. ಖಜಾಂಚಿಯ ಸಹಿ ಗಂಡನದು. ಹೆಂಗಸರ ಗೇಲಿಕ್ ಫುಟ್‌ಬಾಲ್ ಸಂಸ್ಥೆ ಶುರುವಾದದ್ದು 1974ರಲ್ಲಿ, ಅದೇ ಹೇಯ್ಸ್ ಹೋಟೆಲಿನಲ್ಲಿ. ನಮ್ಮ ಕ್ಲಬ್ಬಿನ ಹೆಂಗಸರ ಟೀಮು ಬಹಳ ತಡವಾಗಿ ಬಂತು, ಈಗ ಕ್ಲಬ್ಬನ್ನು ನಿಲ್ಲಿಸಿರುವುದೇ ಅದು. ಹುಡುಗರು ಆಸ್ಟ್ರೇಲಿಯಾಕ್ಕೆ ಹೋಗುತ್ತಿದ್ದಾರೆ. ನರ್ಸುಗಳು, ಶಿಕ್ಷಕಿಯರು ಇನ್ನೂ ಲಂಡನ್ನಿಗೆ ಬರುತ್ತಿದ್ದಾರೆ.

2013ರ ಅಧ್ಯಾಯ ಬರೆಯುವುದು ಸುಲಭ, ಎಲ್ಲರಿಗೂ ಬಾಯಿಪಾಠ. ಲಂಡನ್ ಕೌಂಟಿ ತಂಡ ಐರ್ಲೆಂಡಿನ ಪಶ್ಚಿಮದ ಕಾನಕ್ಟ್ ಪ್ರಾಂತ್ಯದ ಚಾಂಪಿಯನ್‌ಷಿಪ್ಪಿನಲ್ಲಿ ಆಡುತ್ತದೆ, ವರ್ಷವರ್ಷ ಮೊದಲ ಪಂದ್ಯದಲ್ಲೇ ಸೋಲುತ್ತದೆ. 1977ರಲ್ಲಿ ಲೀಟ್ರಿಮ್ ವಿರುದ್ಧ ಗೆದ್ದದ್ದೇ ಹಳೆಯ ನೆನಪು. 2013ರ ಮೇ ತಿಂಗಳಲ್ಲಿ ರೈಸ್ಲಿಪ್ಪಿನಲ್ಲಿ ಸ್ಲೈಗೋ ಕೌಂಟಿಯನ್ನು ಸೋಲಿಸಿದರು: ಲಂಡನ್ 1-12, ಸ್ಲೈಗೋ 0-14. ಒಂದೇ ಪಾಯಿಂಟಿನ ಅಂತರ, ಮೂವತ್ತಾರು ವರ್ಷದ ಮೇಲೆ. ಆಮೇಲೆ ಲೀಟ್ರಿಮ್ ಜತೆ ಸಮ, ಮರುಪಂದ್ಯದಲ್ಲಿ ಗೆಲುವು, ಪ್ರಾಂತ್ಯದ ಫೈನಲ್. ಕಾಸಲ್‌ಬಾರ್‌ನಲ್ಲಿ ಮೇಯೋ ತಂಡ ಅವರನ್ನು ಹಣ್ಣುಗಾಯಿ ಮಾಡಿತು, ಅದು ಬೇರೆ. ಆ ತಂಡವನ್ನು ಕಟ್ಟಿದ್ದು ತರಬೇತಿ ಎಂದು ಪತ್ರಿಕೆಗಳು ಬರೆದವು. ಇರಬಹುದು. ನಾನು ನೋಂದಣಿ ಪುಸ್ತಕದ ಅಂಟಿಸಿದ ಹಾಳೆಗಳನ್ನು ನೋಡಿದವಳು. ಐರ್ಲೆಂಡಿನಲ್ಲಿ 2012ರ ನಿರುದ್ಯೋಗ ಶೇ. 15ರ ಆಸುಪಾಸು. ಒಳ್ಳೊಳ್ಳೆಯ ಕೌಂಟಿ ಆಟಗಾರರು ಕೆಲಸ ಹುಡುಕಿಕೊಂಡು ಇಲ್ಲಿದ್ದರು. ಅಲ್ಲಿ ಕಟ್ಟಡಗಳು ಮತ್ತೆ ಏಳತೊಡಗಿದಾಗ ಅವರಲ್ಲಿ ಅನೇಕರು ಹೊರಟುಹೋದರು. 2020, 2021ರಲ್ಲಿ ಕೋವಿಡ್‌ನಿಂದಾಗಿ ಲಂಡನ್ ಆ ಚಾಂಪಿಯನ್‌ಷಿಪ್ಪಿಗೆ ಇಳಿಯಲೇ ಇಲ್ಲ.

ಬರೆದದ್ದಕ್ಕಿಂತ ಸಮಯ ತಿಂದದ್ದು ಕರಡು ತೋರಿಸುವ ಹಂತ. ಕ್ಲಬ್ ಹುಟ್ಟಿದ ವರ್ಷವೇ ವಿವಾದ: ಪಬ್ಬಿನ ಮಹಡಿಯಲ್ಲಿ ಸೇರಿ ನಿರ್ಧರಿಸಿದ್ದು ಒಂದು ವರ್ಷ, ಲಂಡನ್ ಮಂಡಳಿಗೆ ಶುಲ್ಕ ಕಟ್ಟಿದ್ದು ಇನ್ನೊಂದು ವರ್ಷ. ಪಬ್ಬಿನ ಪಕ್ಷದವರು, ರಸೀದಿಯ ಪಕ್ಷದವರು. ಎರಡೂ ಹಾಕಿದೆ. ಸುಳ್ಳು ಹೆಸರಿನಲ್ಲಿ ಆಡಿದವರ ನಿಜ ಹೆಸರು ಹಾಕಬಹುದೇ ಎಂದು ಬದುಕಿದ್ದವರನ್ನೆಲ್ಲ ಕೇಳಿದೆ. ಹೆಚ್ಚಿನವರು ನಕ್ಕು ಒಪ್ಪಿದರು. ಒಬ್ಬರು ಮಾತ್ರ ಬೇಡವೆಂದರು. ಐವತ್ತು ವರ್ಷದ ಹಿಂದಿನ ಆ ಪದಕವನ್ನು ಎಲ್ಲಿ ವಾಪಸು ಕೇಳುತ್ತಾರೋ ಎಂಬ ಹೆದರಿಕೆ. ಫೋಟೋಗಳ ಕೆಳಗಿನ ಹೆಸರುಗಳಿಗೆ ಎಡದಿಂದ ಬಲಕ್ಕೆ ಎಂದು ಬರೆದು, ಗೊತ್ತಾಗದವರ ಜಾಗದಲ್ಲಿ ಗೆರೆ ಎಳೆದೆ. ಬಿಡುಗಡೆಯ ಸಂಜೆ ಜನ ಪೆನ್ನು ಹಿಡಿದು ಆ ಗೆರೆಗಳನ್ನು ತುಂಬಿಸುತ್ತಿದ್ದರು. ಹಲವು ಗೆರೆಗಳ ಮೇಲೆ ಎರಡೆರಡು ಹೆಸರು ಬಂದವು.

ಮೂಲ ನಡಾವಳಿ ಪುಸ್ತಕಗಳನ್ನು ಸ್ಕ್ಯಾನ್ ಮಾಡಿಸಿ ದಾಖಲೆ ಸಂಗ್ರಹಕ್ಕೆ ಕೊಡುವ ಮಾತು ನಡೆದಿದೆ. ನೋಂದಣಿ ಪುಸ್ತಕವನ್ನು ಕೊಡುವ ಹಾಗಿಲ್ಲ. ಬದುಕಿರುವವರ ಹುಟ್ಟಿದ ದಿನ, ವಿಳಾಸ ಅದರಲ್ಲಿವೆ, ಕಾನೂನು ಒಪ್ಪುವುದಿಲ್ಲ. ಅದು ಕಾರ್ಯದರ್ಶಿಯ ಬೀರುವಿನಲ್ಲಿದೆ. ಹೊಸ ನೋಂದಣಿ ಈಗೆಲ್ಲ ಆನ್‌ಲೈನ್.

ಪುಸ್ತಕ ಹೊರಬಂದ ಮೇಲೆ ಒಂದು ತಿದ್ದುಪಡಿ ಚೀಟಿ ಅಚ್ಚು ಹಾಕಿಸಬೇಕಾಯಿತು. ಎಂಬತ್ತರ ದಶಕದ ಒಂದು ಜೂನಿಯರ್ ಫೈನಲ್ಲಿನ ಕೊನೆಯ ನಿಮಿಷದ ಗೋಲನ್ನು ಪತ್ರಿಕೆಯ ವರದಿ ನೋಡಿ ಒಬ್ಬರ ಹೆಸರಿಗೆ ಹಾಕಿದ್ದೆ. ಪುಸ್ತಕ ಓದಿದ ಇನ್ನೊಬ್ಬರು ಬರ್ಮಿಂಗ್‌ಹ್ಯಾಮಿನಿಂದ ಫೋನು ಮಾಡಿ, ಆ ದಿನ ತಾವು ಅವರ ಹೆಸರಿನಲ್ಲಿ ಆಡಿದ್ದಾಗಿಯೂ, ಅವರು ಕಾಲು ಮುರಿದುಕೊಂಡು ಮನೆಯಲ್ಲಿದ್ದರೆಂದೂ ಹೇಳಿದರು. ಮೊದಲಿನವರು ಇದನ್ನು ಒಪ್ಪುವುದಿಲ್ಲ. ಕಾಲು ಮುರಿದದ್ದು ಮರುವರ್ಷ ಎನ್ನುತ್ತಾರೆ. ಸದ್ಯಕ್ಕೆ ಚೀಟಿಯಲ್ಲಿ ಇಬ್ಬರ ಹೆಸರೂ ಇದೆ. ಇಬ್ಬರೂ ಬೇರೆಬೇರೆಯಾಗಿ ಕಮಿಟಿಗೆ ಲಿಖಿತ ಆಕ್ಷೇಪಣೆ ಸಲ್ಲಿಸಿದ್ದಾರೆ, ಮುಂದಿನ ವಾರ್ಷಿಕ ಸಭೆಯ ಕಾರ್ಯಸೂಚಿಯಲ್ಲಿ ಅದು ನಾಲ್ಕನೇ ವಿಷಯ.